ಬೆಶಮೆಲ್, ವೆಲೂಟೆ, ಎಸ್ಪಾನ್ಯೋಲ್: ಯಾವ ಅಡುಗೆಗೆ ಯಾವ ಫ್ರೆಂಚ್ ಸಾಸ್?

ಫ್ರೆಂಚ್ ಸಾಸ್‌ಗಳ ಪಟ್ಟಿ ನೋಡಿದರೆ ಯಾರಿಗಾದರೂ ತಲೆ ತಿರುಗುತ್ತದೆ. ಮೊರ್ನೆ, ಸುಬೀಸ್, ಸುಪ್ರೀಮ್, ಬೆರ್ಸಿ, ಬೊರ್ದಲೇಸ್, ಶಾಸ್ಯೂರ್, ರೋಬೆರ್... ಮುಗಿಯುವುದೇ ಇಲ್ಲ. ಇಷ್ಟೂ ಹೆಸರು ಬಾಯಿಪಾಠ ಮಾಡಿದರೆ ಫ್ರೆಂಚ್ ಅಡುಗೆ ಬಂದಂತೆ ಅಂತ ಕೆಲವರು ಅಂದುಕೊಂಡಿರುತ್ತಾರೆ. ಅಷ್ಟು ಕಷ್ಟ ಬೇಡ. ಬೆಣ್ಣೆಯಲ್ಲಿ ಮೈದಾ ಹುರಿದು ಮಂದ ಮಾಡುವ ಸಾಸ್‌ಗಳಲ್ಲಿ ನೀವು ತೀರ್ಮಾನಿಸಬೇಕಾದದ್ದು ಒಂದೇ: ಆ ಹುರಿದ ಹಿಟ್ಟಿನ ಮೇಲೆ ಏನು ಸುರಿಯುತ್ತೀರಿ? ಹಾಲು ಸುರಿದರೆ ಬೆಶಮೆಲ್. ಹುರಿಯದ ಮೂಳೆಯಿಂದ ತೆಗೆದ ತಿಳಿ ಸ್ಟಾಕ್ (ಮೂಳೆ, ತರಕಾರಿ ಕಾಯಿಸಿ ಶೋಧಿಸಿದ ನೀರು) ಸುರಿದರೆ ವೆಲೂಟೆ. ಚೆನ್ನಾಗಿ ಹುರಿದ ಮೂಳೆಯ ಕಂದು ಸ್ಟಾಕ್ ಸುರಿದರೆ ಎಸ್ಪಾನ್ಯೋಲ್. ಉಳಿದ ಹೆಸರೆಲ್ಲ ಈ ಮೂರರ ಮಕ್ಕಳು, ಮೊಮ್ಮಕ್ಕಳು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಶಮೆಲ್ ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ, ಬೇಕಾದ್ದಕ್ಕೂ ಬೇಡದ್ದಕ್ಕೂ ಮಾಡುತ್ತಾರೆ. ಎಸ್ಪಾನ್ಯೋಲ್ ಹೆಸರು ದೊಡ್ಡದು, ಮನೆಯಲ್ಲಿ ಮಾಡುವಷ್ಟು ಲಾಭ ಅದರಲ್ಲಿಲ್ಲ. ಯಾರೂ ಕಣ್ಣೆತ್ತಿ ನೋಡದ ವೆಲೂಟೆಯೇ ಮನೆ ಅಡುಗೆಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವ ಸಾಸ್. ಯಾಕೆ ಅಂತ ಮುಂದೆ ನೋಡೋಣ.

ಮೊದಲು ರೂ

ಬೆಣ್ಣೆ, ಮೈದಾ ಸಮತೂಕ ಸೇರಿಸಿ ಹುರಿದದ್ದಕ್ಕೆ ಫ್ರಾನ್ಸಿನಲ್ಲಿ ರೂ ಅನ್ನುತ್ತಾರೆ. ಸಮತೂಕ ಅಂದರೆ ತೂಕವೇ, ಚಮಚದ ಲೆಕ್ಕವಲ್ಲ. 30 ಗ್ರಾಂ ಬೆಣ್ಣೆ ಸುಮಾರು ಎರಡು ಟೇಬಲ್‌ಚಮಚ ಆಗುತ್ತದೆ, 30 ಗ್ರಾಂ ಮೈದಾ ಸುಮಾರು ನಾಲ್ಕು. ಅಡುಗೆಮನೆಯಲ್ಲಿ ತಕ್ಕಡಿ ಇದ್ದರೆ ಈ ತಲೆನೋವೇ ಇಲ್ಲ.

ಹಿಟ್ಟನ್ನು ಸೀದಾ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ, ಅಲ್ವಾ? ಗಂಟಿನ ಹೊರಪದರ ತಕ್ಷಣ ಬೆಂದು ಅಂಟಾಗುತ್ತದೆ, ಒಳಗಿನ ಹಿಟ್ಟು ಒಣಗಿದ್ದಂತೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ರೂನಲ್ಲಿ ಪ್ರತಿ ಕಣಕ್ಕೂ ಮೊದಲೇ ಬೆಣ್ಣೆ ಸವರಿರುತ್ತದೆ. ಹಾಗಾಗಿ ಕಣಗಳು ಒಂದಕ್ಕೊಂದು ಅಂಟುವುದಿಲ್ಲ, ಬಿಡಿಬಿಡಿಯಾಗಿ ನೀರು ಹೀರಿ ಉಬ್ಬುತ್ತವೆ. ಗೋಧಿಯ ಪಿಷ್ಟ ಉಬ್ಬಲು ಶುರುವಾಗುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಪೂರ್ತಿ ಮಂದವಾಗುವುದು ಕುದಿಯ ಹತ್ತಿರ ಬಂದಾಗ. ಅದಕ್ಕೇ ಸಾಸ್ ಒಂದು ಕುದಿ ಬರುವವರೆಗೆ ‘ನೀರಾಯ್ತು’ ಅಂತ ಇನ್ನಷ್ಟು ಹಿಟ್ಟು ಸುರಿಯಬೇಡಿ. ಸ್ವಲ್ಪ ಕಾಯಿರಿ.

ಹುರಿಯುವುದರಲ್ಲಿ ಮೂರು ಹಂತ. ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿ ನೊರೆ ಇಳಿದ ಮೇಲೆ ಮೈದಾ ಹಾಕಿ ಕೈಯಾಡಿಸುತ್ತಾ ಇರಿ. ಮೊದಲು ಮುದ್ದೆಯಾಗುತ್ತದೆ, ಆಮೇಲೆ ಸಡಿಲವಾಗಿ ಒದ್ದೆ ಮರಳಿನಂತೆ ಕಾಣುತ್ತದೆ, ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಎರಡು ಮೂರು ನಿಮಿಷಕ್ಕೆ ಹಸಿ ಹಿಟ್ಟಿನ ವಾಸನೆ ಹೋಗುತ್ತದೆ, ಬಣ್ಣ ಮಾತ್ರ ಬದಲಾಗಿರುವುದಿಲ್ಲ. ಇದು ಬಿಳಿ ರೂ. ಐದಾರು ನಿಮಿಷಕ್ಕೆ ತಿಳಿ ಹೊಂಬಣ್ಣ ಬರುತ್ತದೆ, ಬಿಸ್ಕತ್ತು ಬೇಯುವ ಘಮ ಬರುತ್ತದೆ. ಇದು ಹೊಂಬಣ್ಣದ ರೂ. ಇನ್ನೂ ಇಪ್ಪತ್ತು ಮೂವತ್ತು ನಿಮಿಷ ತಾಳ್ಮೆಯಿಂದ ಹುರಿದರೆ ಕಂದು ಬಣ್ಣ, ಹುರಿದ ಬೀಜದ ಪರಿಮಳ. ಇದು ಕಂದು ರೂ. ಉರಿ ಜೋರು ಮಾಡಿ ಈ ಮೂವತ್ತು ನಿಮಿಷವನ್ನು ಹತ್ತಕ್ಕೆ ಇಳಿಸಲು ಹೋದರೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಚುಕ್ಕೆ ಬಿದ್ದರೆ ಆ ರೂ ಚೆಲ್ಲಿಬಿಡಿ. ಆ ಕಹಿಯನ್ನು ಆಮೇಲೆ ಯಾವುದೂ ಮುಚ್ಚುವುದಿಲ್ಲ.

ಹುರಿದಷ್ಟೂ ರುಚಿ ಹೆಚ್ಚುತ್ತದೆ, ಮಂದ ಮಾಡುವ ಶಕ್ತಿ ಕಡಿಮೆಯಾಗುತ್ತದೆ. ಒಣ ಶಾಖಕ್ಕೆ ಪಿಷ್ಟದ ಉದ್ದ ಸರಪಳಿಗಳು ತುಂಡಾಗುವುದೇ ಇದಕ್ಕೆ ಕಾರಣ. ಒಂದೇ ತೂಕದ ಬಿಳಿ ರೂ ಮತ್ತು ಕಂದು ರೂ ಹಾಕಿದರೆ ಕಂದು ಸಾಸ್ ತೆಳ್ಳಗೇ ಇರುತ್ತದೆ. ರೆಸಿಪಿ ಬದಲಿಸುವಾಗ ಇದನ್ನು ಮರೆತರೆ ಕೆಲಸ ಕೆಡುತ್ತದೆ.

ಬೆಣ್ಣೆಗೆ ಬದಲು ತುಪ್ಪ ಆಗುತ್ತದೆಯೇ? ಕಂದು ರೂಗೆ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಅಲ್ಲಿ ಫ್ರೆಂಚರೂ ನೀರು, ಹಾಲಿನ ಅಂಶ ತೆಗೆದ ತಿಳಿ ಬೆಣ್ಣೆಯನ್ನೇ ಬಳಸುತ್ತಿದ್ದರು, ಅದು ಬೇಗ ಸೀಯುವುದಿಲ್ಲ ಅಂತ. ಬೆಶಮೆಲ್‌ಗೆ ಮಾತ್ರ ತುಪ್ಪ ಬೇಡ. ನಮ್ಮ ತುಪ್ಪವನ್ನು ಚರಟ ಕೆಂಪಾಗುವವರೆಗೆ ಕಾಯಿಸಿರುತ್ತೇವೆ. ಆ ಘಮ ಹಾಲಿನ ಸಾಸ್‌ನಲ್ಲಿ ಎದ್ದು ಕಾಣುತ್ತದೆ, ಊಟ ಬೇರೆ ದಾರಿ ಹಿಡಿಯುತ್ತದೆ. ಅಂಗಡಿಯ ಬೆಣ್ಣೆಯಲ್ಲಿ ಉಪ್ಪಿರುತ್ತದೆಯೇ ಅಂತಲೂ ನೋಡಿಕೊಳ್ಳಿ. ಉಪ್ಪಿದ್ದರೆ ಸಾಸ್‌ಗೆ ಕೊನೆಯವರೆಗೂ ಉಪ್ಪು ಹಾಕಬೇಡಿ.

ಬೆಶಮೆಲ್: ಸುಲಭ, ಅಗ್ಗ, ಆದರೆ ಎಲ್ಲಕ್ಕೂ ಅಲ್ಲ

ಬೆಂಗಳೂರಿನ ಕೆಫೆಗಳಲ್ಲಿ ವೈಟ್ ಸಾಸ್ ಪಾಸ್ತಾ ಅಂತ ಕೊಡುತ್ತಾರಲ್ಲ, ಅದರ ಬುಡ ಇದೇ. ಹೆಸರು ಬಂದದ್ದು 14ನೇ ಲೂಯಿಯ ಅರಮನೆಯ ಮೇಲ್ವಿಚಾರಕನಾಗಿದ್ದ ಲೂಯಿ ದ ಬೆಶಮೆಯ್ ಎಂಬ ಸಿರಿವಂತನಿಂದ. ಅವನೇ ಒಲೆ ಮುಂದೆ ನಿಂತು ಕಂಡುಹಿಡಿದ ಅನ್ನುವುದಕ್ಕಿಂತ, ಯಾರೋ ಅಡುಗೆಯವರು ದೊಡ್ಡವರ ಹೆಸರಿಟ್ಟು ಮೆಚ್ಚಿಸಿದರು ಅನ್ನುವುದೇ ನಂಬುವಂತಿದೆ. ಆಗಿನ ಬೆಶಮೆಲ್ ಈಗಿನದಕ್ಕಿಂತ ಬೇರೆ. 19ನೇ ಶತಮಾನದ ಶುರುವಿನಲ್ಲಿ ಕರೇಮ್ ಎಂಬ ಹೆಸರಾಂತ ಫ್ರೆಂಚ್ ಬಾಣಸಿಗ ಬರೆದ ಬೆಶಮೆಲ್ ಅಂದರೆ ವೆಲೂಟೆಗೆ ಕೆನೆ ಸೇರಿಸಿ ಇಂಗಿಸಿದ್ದು. ಅವನ ನಂತರದ ದೊಡ್ಡ ಬಾಣಸಿಗ ಎಸ್ಕೋಫಿಯೆಯ ಕಾಲಕ್ಕೆ ಹಾಲು ಬಂದಿತ್ತು. ಆದರೂ ಅದರಲ್ಲಿ ಎಳೆಗರುವಿನ ಮಾಂಸದ ತುಂಡು ಬೇಯಿಸಿ ಶೋಧಿಸುತ್ತಿದ್ದರು. ಈಗಿನ ಹಾಲು, ಬೆಣ್ಣೆ, ಹಿಟ್ಟಿನ ಸಾಸ್ ಅದರ ಸರಳ ರೂಪ. ಸಸ್ಯಾಹಾರಿಗಳಿಗೆ ಇದೊಂದು ಲಾಭವಾಯಿತು ಅನ್ನಿ.

ಅಳತೆ ಹೀಗೆ. ಅರ್ಧ ಲೀಟರ್ ಹಾಲಿಗೆ 20 ಗ್ರಾಂ ಬೆಣ್ಣೆ, 20 ಗ್ರಾಂ ಮೈದಾ ಹಾಕಿದರೆ ಸೂಪ್‌ನಷ್ಟು ತೆಳು. 30, 30 ಹಾಕಿದರೆ ಪಾಸ್ತಾಗೆ, ಓವನ್‌ನಲ್ಲಿ ಮೇಲೆ ಕೆಂಪಗೆ ಮಾಡುವ ಗ್ರಾಟಿನ್‌ಗೆ ಸರಿ. 50, 50 ಹಾಕಿದರೆ ಕ್ರೋಕೆಟ್ (ಕರಿದ ಉಂಡೆ), ಮೊಟ್ಟೆಯಿಂದ ಉಬ್ಬಿಸುವ ಸೂಫ್ಲೆಯ ಬುಡಕ್ಕೆ ಬೇಕಾದ ಗಟ್ಟಿ. ಲಸಾನ್ಯ ಮಾಡುವವರು ತೆಳುವಿನ ಕಡೆಗೇ ಇರಲಿ, ಓವನ್‌ನೊಳಗೆ ಅದು ಇನ್ನೂ ಮಂದವಾಗುತ್ತದೆ.

ಹಾಲಿಗೆ ಅರ್ಧ ಈರುಳ್ಳಿಯಲ್ಲಿ ಎರಡು ಲವಂಗ ಚುಚ್ಚಿ ಹಾಕಿ, ಕಾಯಿಸಿ, ಕಾಲು ಗಂಟೆ ಮುಚ್ಚಿಡಿ. ಬೇ ಎಲೆ ಹಾಕಿ ಅಂತ ಫ್ರೆಂಚ್ ರೆಸಿಪಿ ಹೇಳಿದರೆ ನಮ್ಮ ಪಲಾವ್ ಎಲೆ ಹಾಕಬೇಡಿ. ಅದು ಬೇರೆಯೇ ಮರದ್ದು, ಚಕ್ಕೆಯ ಜಾತಿಯದು, ಸಾಸ್ ಬಿರಿಯಾನಿ ವಾಸನೆ ಹೊಡೆಯುತ್ತದೆ. ಸಿಗದಿದ್ದರೆ ಬಿಟ್ಟುಬಿಡಿ, ನಷ್ಟವೇನಿಲ್ಲ. ಜಾಯಿಕಾಯಿ ಮಾತ್ರ ಬಿಡಬೇಡಿ. ಉತ್ತರ ಕನ್ನಡ, ದಕ್ಷಿಣ ಕನ್ನಡದ ತೋಟಗಳಲ್ಲಿ ಬೆಳೆಯುವ ಜಾಯಿಕಾಯಿಯೇ ಸಾಕು, ಕೊನೆಯಲ್ಲಿ ಒಂದಿಷ್ಟು ತುರಿದರಾಯಿತು. ಪುಡಿ ಮಾಡಿಟ್ಟದ್ದರಲ್ಲಿ ಅರ್ಧ ಘಮ ಹೋಗಿರುತ್ತದೆ.

ಹಾಲು ಸುರಿಯುವಾಗ ರೂ ಬಿಸಿ ಇದ್ದರೆ ಹಾಲು ತಣ್ಣಗಿರಲಿ, ಇಲ್ಲವೇ ರೂ ಆರಿದ ಮೇಲೆ ಬಿಸಿ ಹಾಲು ಸುರಿಯಿರಿ. ಎರಡೂ ಸುಡುತ್ತಿದ್ದರೆ ಕೈ ಎಷ್ಟು ಬೇಗ ಆಡಿದರೂ ಗಂಟಿನ ಭಯ ಇದ್ದೇ ಇರುತ್ತದೆ. ಮಂದವಾದ ತಕ್ಷಣ ಇಳಿಸುವುದು ಎಲ್ಲರೂ ಮಾಡುವ ಅವಸರ. ಸಣ್ಣ ಉರಿಯಲ್ಲಿ ಇನ್ನೂ ಹದಿನೈದು ನಿಮಿಷ ಇಡಿ. ನಾಲಿಗೆಗೆ ಹಿಟ್ಟು ಹಿಟ್ಟಾಗಿ ತಾಗುವುದು ಆಗಲೇ ಹೋಗುವುದು. ತಳ ಹಿಡಿದರೆ ಕೆರೆಯಬೇಡಿ, ಮೇಲಿನದನ್ನು ಸುಮ್ನೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಇದರ ಮಕ್ಕಳಲ್ಲಿ ಮುಖ್ಯವಾದದ್ದು ಮೊರ್ನೆ. ಬೆಶಮೆಲ್‌ಗೆ ಗ್ರುಯೆರ್, ಪಾರ್ಮೆಸಾನ್ ಚೀಸ್ ಸೇರಿಸಿದ್ದು, ಕೆಲವರು ಮೊಟ್ಟೆಯ ಹಳದಿಯನ್ನೂ ಹಾಕುತ್ತಾರೆ. ಚೀಸ್ ಹಾಕುವಾಗ ಒಲೆ ಆರಿಸಿ. ಕುದಿಯುವಾಗ ಹಾಕಿದರೆ ಎಣ್ಣೆ ಬಿಟ್ಟು ಎಳೆ ಎಳೆಯಾಗುತ್ತದೆ. ಬೇಯಿಸಿದ ಈರುಳ್ಳಿ ಅರೆದು ಹಾಕಿದರೆ ಸುಬೀಸ್. ಸಿಹಿನೀರಿನ ಕ್ರೇಫಿಶ್ ಬೆಣ್ಣೆ, ಕೆನೆ ಸೇರಿದರೆ ನಾಂತ್ವಾ. ಲಿಯೋನಿನಲ್ಲಿ ಪೈಕ್ ಮೀನು ಅರೆದು ಮಾಡುವ ಕೆನೆಲ್ ಉಂಡೆಯ ಮೇಲೆ ಸುರಿಯುವುದು ಇದನ್ನೇ.

ಬೆಶಮೆಲ್ ಎಲ್ಲಿ ಬೇಡ? ಕೋಳಿ, ಮೀನು, ಅಣಬೆ ಬೇಯಿಸಿದ ನೀರು ನಿಮ್ಮ ಹತ್ತಿರ ಇದ್ದಾಗ ಬೇಡ. ರುಚಿಯಿರುವ ನೀರನ್ನು ಚೆಲ್ಲಿ ಹಾಲು ಸುರಿಯುವುದು ಶುದ್ಧ ದಂಡ. ಹಾಲು ಎಲ್ಲ ರುಚಿಯನ್ನೂ ಮೆತ್ತಗೆ ಮಾಡುತ್ತದೆ. ಖಾರ, ಹುಳಿ, ಕಹಿ ಇರುವ ತರಕಾರಿಗೆ ಅದೇ ಬೇಕು. ಉತ್ತರ ಫ್ರಾನ್ಸಿನಲ್ಲಿ ಎಂಡೈವ್ ಎಂಬ ಕಹಿ ಸೊಪ್ಪಿನ ಮೊಗ್ಗಿಗೆ ಹ್ಯಾಮ್ ಸುತ್ತಿ ಬೆಶಮೆಲ್ ಹೊದಿಸಿ ಬೇಯಿಸುವುದು ಅದಕ್ಕೇ. ಹೂಕೋಸು, ಪಾಲಕ್, ಮೊಟ್ಟೆಗೂ ಹೊಂದುತ್ತದೆ. ಸೂಕ್ಷ್ಮ ರುಚಿಯ ಮೀನಿಗೆ ಮಾತ್ರ ಹಾಲಿನ ಕಂಬಳಿ ಹೊದಿಸಿದಂತಾಗುತ್ತದೆ.

ವೆಲೂಟೆ: ನಾನು ಕೈ ಎತ್ತುವುದು ಇದಕ್ಕೆ

ವೆಲೂಟೆಗೆ ಬೇಕಾದದ್ದು ಹೊಂಬಣ್ಣದ ರೂ, ಬಿಳಿ ಸ್ಟಾಕ್ (ಮೂಳೆ ಹುರಿಯದೆ ತೆಗೆದದ್ದು). ಅಷ್ಟೇ. ಸ್ಟಾಕ್ ಚೆನ್ನಾಗಿದ್ದರೆ ಸಾಸ್ ಚೆನ್ನಾಗಿರುತ್ತದೆ, ಇಲ್ಲದಿದ್ದರೆ ಗೋಂದು. ಬೆಶಮೆಲ್‌ನಲ್ಲಿ ಹಾಲಿನ ಕೊಬ್ಬು ನಮ್ಮ ತಪ್ಪನ್ನು ಅಷ್ಟಿಷ್ಟು ಮುಚ್ಚುತ್ತದೆ, ಇಲ್ಲಿ ಆ ಆಸರೆ ಇಲ್ಲ. ಹಾಗಾಗಿ ಸ್ಟಾಕ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡೋಣ.

ಒಂದು ಕೆಜಿ ಕೋಳಿ ಮೂಳೆ, ರೆಕ್ಕೆ, ಪಾದ. ಪಾದ ಸೇರಿಸಲೇಬೇಕು, ಅಂಟಿನಂಶ ಅದರಲ್ಲೇ ಜಾಸ್ತಿ ಇರುವುದು. ಕಾಲು ಸೂಪ್ ಕುಡಿದಾಗ ತುಟಿಗೆ ತುಟಿ ಅಂಟುತ್ತದಲ್ಲ, ಆ ಗುಣವೇ ಫ್ರೆಂಚ್ ಸಾಸ್‌ನ ಬೆನ್ನೆಲುಬು. ಚರ್ಮ, ಕೀಲು, ಮೂಳೆಯ ಕೊಲಾಜೆನ್ ನಿಧಾನವಾಗಿ ಜೆಲಟಿನ್ ಆಗಿ ನೀರಿಗೆ ಇಳಿಯುತ್ತದೆ. ಎರಡು ಲೀಟರ್ ತಣ್ಣೀರು ಹಾಕಿ ಒಲೆಗಿಡಿ. ಕುದಿ ಬರುವ ಮೊದಲು ಬೂದು ನೊರೆ ಬರುತ್ತದೆ, ಅದನ್ನು ಸೌಟಿನಲ್ಲಿ ತೆಗೆಯುತ್ತಾ ಇರಿ. ಆಮೇಲೆ ಒಂದು ಈರುಳ್ಳಿ, ಸಣ್ಣ ಕ್ಯಾರೆಟ್, ಸೆಲರಿ, ಲೀಕ್ ಸಿಕ್ಕರೆ ಲೀಕ್, ನಾಲ್ಕು ಕಾಳು ಮೆಣಸು. ಎರಡು ಮೂರು ಗಂಟೆ, ಗುಳ್ಳೆ ಆಗೊಂದು ಈಗೊಂದು ಏಳುವಷ್ಟೇ ಉರಿ. ಕೊತಕೊತ ಕುದಿಸಿದರೆ ಕೊಬ್ಬು ನೀರಲ್ಲಿ ಕಲಸಿಹೋಗಿ ಸ್ಟಾಕ್ ಮಬ್ಬಾಗುತ್ತದೆ. ಉಪ್ಪು ಹಾಕಬೇಡಿ, ಮುಂದೆ ಇಂಗಿಸುವಾಗ ಅದು ಹೆಚ್ಚಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆಗೆ ಅಲುಗಾಡುವ ಜೆಲ್ಲಿಯಂತಾಗಬೇಕು. ಆಗದಿದ್ದರೆ ಇನ್ನಷ್ಟು ಇಂಗಿಸಿ.

ಅಂಗಡಿಯ ಸ್ಟಾಕ್ ಕ್ಯೂಬ್ ನಡೆಯುತ್ತದೆಯೇ? ಸೂಪಿಗೆ ನಡೆಯಬಹುದು. ವೆಲೂಟೆಗೆ ಕಷ್ಟ. ಉಪ್ಪು ಜಾಸ್ತಿ, ಜೆಲಟಿನ್ ಇಲ್ಲವೆನ್ನುವಷ್ಟು ಕಡಿಮೆ.

ಮೀನಿನ ಸ್ಟಾಕ್‌ಗೆ ಲೆಕ್ಕ ಬೇರೆ. ಇಪ್ಪತ್ತರಿಂದ ಮೂವತ್ತು ನಿಮಿಷ, ಅಷ್ಟೇ. ಹೆಚ್ಚು ಹೊತ್ತಾದರೆ ಕಹಿ. ಕೊಬ್ಬು ಕಡಿಮೆ ಇರುವ ಬಿಳಿ ಮೀನಿನ ಮೂಳೆ ಬೇಕು. ಮಂಗಳೂರು ಕಡೆಯವರು ಕಾಣೆ ಮೀನಿನ ಮೂಳೆಯಲ್ಲಿ ಮಾಡಿ ನೋಡಬಹುದು. ಬಂಗುಡೆ, ಬೂತಾಯಿ ಬೇಡವೇ ಬೇಡ. ಸಾರಿಗೆ ಅವಕ್ಕೆ ಸಾಟಿಯಿಲ್ಲ, ಇಲ್ಲಿ ಎಣ್ಣೆ ವಾಸನೆ ಮೇಲೆದ್ದು ನಿಲ್ಲುತ್ತದೆ.

ಈಗ ಸಾಸ್. ಅರ್ಧ ಲೀಟರ್ ಸ್ಟಾಕ್‌ಗೆ 30 ಗ್ರಾಂ ಬೆಣ್ಣೆ, 30 ಗ್ರಾಂ ಮೈದಾ. ಸ್ಟಾಕ್ ಸ್ವಲ್ಪ ಸ್ವಲ್ಪ ಸುರಿಯುತ್ತಾ ವಿಸ್ಕ್ (ತಂತಿಯ ಕಡೆಯುವ ಕೋಲು) ಆಡಿಸಿ, ಕುದಿ ಬರಲಿ. ಇಲ್ಲಿಂದ ಮುಂದೆ ಫ್ರೆಂಚ್ ಅಡುಗೆಯವರು ಮಾಡುವ ಒಂದು ಕೆಲಸ ನೋಡಿ ಕಲಿಯುವಂಥದ್ದು. ಪಾತ್ರೆಯನ್ನು ಉರಿಯ ನಡುವಿನಿಂದ ಪಕ್ಕಕ್ಕೆ ಸರಿಸುತ್ತಾರೆ, ಅರ್ಧ ತಳಕ್ಕೆ ಮಾತ್ರ ಶಾಖ ತಾಗುವಂತೆ. ಆಗ ಒಂದು ಕಡೆ ಮಾತ್ರ ಗುಳ್ಳೆ ಏಳುತ್ತದೆ, ಹಿಟ್ಟಿನ ಜಿಡ್ಡು, ನೊರೆ ಎಲ್ಲ ತಣ್ಣಗಿರುವ ಇನ್ನೊಂದು ಅಂಚಿಗೆ ತೇಲಿ ಹೋಗಿ ಪದರ ಕಟ್ಟುತ್ತದೆ. ಸೌಟಿನ ಅಂಚಿನಿಂದ ಆ ಪದರ ಎತ್ತಿ ಪಕ್ಕದ ಬಟ್ಟಲಿಗೆ ಹಾಕುತ್ತಾ ಇರುವುದು. ಐದು ನಿಮಿಷಕ್ಕೆ ಮತ್ತೆ ಕಟ್ಟುತ್ತದೆ, ಮತ್ತೆ ತೆಗೆಯುವುದು. ಅರ್ಧ ಗಂಟೆ, ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಮೊದಲು ಮಂಕಾಗಿದ್ದ ಸಾಸ್‌ಗೆ ಹೊಳಪು ಬಂದಿರುತ್ತದೆ. ಮೀನಿನದ್ದಾದರೆ ಇಪ್ಪತ್ತು ನಿಮಿಷ ಸಾಕು. ಕೊನೆಗೆ ಸಣ್ಣ ಜಾಲರಿಯಲ್ಲಿ ಶೋಧಿಸಿ. ಚಮಚ ಅದ್ದಿ ಎತ್ತಿ, ಬೆನ್ನಿನ ಮೇಲೆ ಬೆರಳಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಅದೇ ಹದ.

ಬರೀ ವೆಲೂಟೆಯನ್ನು ಯಾರೂ ಬಡಿಸುವುದಿಲ್ಲ. ಅದಕ್ಕೆ ಕೊನೆಯ ಕೈ ಬೇಕು. ಇದರ ನಿಜವಾದ ಬಲ ಇರುವುದೂ ಅಲ್ಲೇ. ಕೋಳಿ ವೆಲೂಟೆಗೆ ಕೆನೆ ಸೇರಿಸಿ ಇಂಗಿಸಿದರೆ ಸುಪ್ರೀಮ್. ಎಳೆಗರುವಿನ ಸ್ಟಾಕ್‌ನ ವೆಲೂಟೆಗೆ ಮೊಟ್ಟೆಯ ಹಳದಿ, ನಿಂಬೆರಸ ಸೇರಿದರೆ ಅಲ್ಮಾಂದ್ (ಫ್ರೆಂಚಿನಲ್ಲಿ ‘ಜರ್ಮನ್’ ಅಂತ ಅರ್ಥ). ಕರೇಮ್ ಇದನ್ನು ನಾಲ್ಕು ಮುಖ್ಯ ಸಾಸ್‌ಗಳಲ್ಲಿ ಒಂದಾಗಿ ಎಣಿಸಿದ್ದ. ಎಸ್ಕೋಫಿಯೆ ಅದನ್ನು ವೆಲೂಟೆಯ ಮಗಳ ಸ್ಥಾನಕ್ಕೆ ಇಳಿಸಿ, ಜರ್ಮನಿಯ ನೆನಪು ತರುವ ಹೆಸರು ತೆಗೆದು ಪಾರಿಸಿಯೆನ್ ಅಂತ ಕರೆದ. ಮೀನಿನ ವೆಲೂಟೆಗೆ ಸಣ್ಣ ಈರುಳ್ಳಿ, ಬಿಳಿ ವೈನ್, ಪಾರ್ಸ್ಲಿ ಹಾಕಿದರೆ ಬೆರ್ಸಿ. ಟೊಮೆಟೊ ಸೇರಿ ನಸುಗೆಂಪಾದರೆ ಒರೋರ್. ಶಾಲಟ್ ಅಂತ ಬರೆದ ಕಡೆಯೆಲ್ಲ ನಮ್ಮ ಸಾಂಬಾರ್ ಈರುಳ್ಳಿ ಧಾರಾಳವಾಗಿ ಬಳಸಿ.

ಹಳದಿ ಸೇರಿಸುವಾಗ ಸ್ವಲ್ಪ ಎಚ್ಚರ ಬೇಕು. ಅರ್ಧ ಲೀಟರ್ ಸಾಸ್‌ಗೆ ಎರಡು ಹಳದಿ, 100 ಮಿಲಿ ಕೆನೆ ಒಂದು ಬಟ್ಟಲಲ್ಲಿ ಕಲಸಿ. ಅದಕ್ಕೆ ಒಂದು ಸೌಟು ಬಿಸಿ ಸಾಸ್ ಹಾಕಿ ಕಲಸಿ, ಆಮೇಲೆ ಎಲ್ಲವನ್ನೂ ಪಾತ್ರೆಗೆ ಹಿಂದಿರುಗಿಸಿ. ಹಿಟ್ಟು ಇರುವುದರಿಂದ ಹಳದಿ ಅಷ್ಟು ಬೇಗ ಒಡೆಯುವುದಿಲ್ಲ. ಹಾಗಂತ ಕುದಿಸಬೇಡಿ.

ಫ್ರಾನ್ಸಿನ ಮನೆಮನೆಯ ಅಡುಗೆಯಾದ ಬ್ಲಾಂಕೆಟ್ ಈ ಸಾಸ್‌ಗೆ ಒಳ್ಳೆಯ ಉದಾಹರಣೆ. ಮಾಂಸವನ್ನು ಹುರಿಯದೆ, ತರಕಾರಿ ಹಾಕಿದ ನೀರಿನಲ್ಲೇ ಮೆತ್ತಗೆ ಬೇಯಿಸುತ್ತಾರೆ. ಬೆಂದ ಆ ನೀರನ್ನೇ ಶೋಧಿಸಿ ರೂ ಮೇಲೆ ಸುರಿದು ವೆಲೂಟೆ ಮಾಡಿ, ಹಳದಿ, ಕೆನೆ, ನಿಂಬೆರಸದಿಂದ ಮುಗಿಸಿ ಮಾಂಸವನ್ನು ಮತ್ತೆ ಅದರಲ್ಲೇ ಬಿಡುತ್ತಾರೆ. ಸ್ಟಾಕ್ ಬೇರೆ ಮಾಡುವ ಕೆಲಸವೇ ಇಲ್ಲ. ಕೋಳಿಯಲ್ಲಿ ಇದನ್ನು ಸುಲಭವಾಗಿ ಮಾಡಬಹುದು. ಮನೆ ಅಡುಗೆಗೆ ವೆಲೂಟೆ ಅಂತ ನಾನು ಹೇಳುವುದು ಇದಕ್ಕೇ: ಬೇಯಿಸಿದ ನೀರು ಹೇಗೂ ಇರುತ್ತದೆ, ಅದನ್ನು ಸಾಸ್ ಮಾಡಲು ಬೇಕಾದದ್ದು ಒಂದು ಹಿಡಿ ಹಿಟ್ಟು.

ಎಸ್ಪಾನ್ಯೋಲ್, ಡೆಮಿ ಗ್ಲಾಸ್: ದೊಡ್ಡ ಅಡುಗೆಮನೆಯ ಸಾಸ್

ಮೂಳೆಗಳನ್ನು ಓವನ್‌ನಲ್ಲಿ ಕಂದಾಗುವವರೆಗೆ ಹುರಿಯಬೇಕು. ಈರುಳ್ಳಿ ಎರಡು ಪಾಲು, ಕ್ಯಾರೆಟ್ ಒಂದು ಪಾಲು, ಸೆಲರಿ ಒಂದು ಪಾಲು ಹುರಿಯಬೇಕು. ಟೊಮೆಟೊ ಪೇಸ್ಟ್ ಅದರ ಮೇಲೆ ಇಟ್ಟಿಗೆ ಬಣ್ಣಕ್ಕೆ ಬರಬೇಕು. ಆರೆಂಟು ಗಂಟೆ ಕಾಯಿಸಿ ಕಂದು ಸ್ಟಾಕ್ ತೆಗೆಯಬೇಕು. ಇದೆಲ್ಲ ಆದ ಮೇಲೆ ಕಂದು ರೂ, ಮತ್ತೆ ತರಕಾರಿ, ಮತ್ತೆ ಟೊಮೆಟೊ, ಮತ್ತೆ ಕೆಲವು ಗಂಟೆ ಕುದಿ, ನೊರೆ ತೆಗೆಯುವುದು, ಶೋಧಿಸುವುದು. ಆಗ ಎಸ್ಪಾನ್ಯೋಲ್. ಅದಕ್ಕೆ ಅಷ್ಟೇ ಕಂದು ಸ್ಟಾಕ್ ಸೇರಿಸಿ ಅರ್ಧಕ್ಕೆ ಇಂಗಿಸಿದರೆ ಡೆಮಿ ಗ್ಲಾಸ್. ಬಡಿಸುವ ಸಾಸ್ ಇನ್ನೂ ಆಗಿಲ್ಲ! ಕೆಂಪು ವೈನ್, ಸಣ್ಣ ಈರುಳ್ಳಿ, ಮೂಳೆಯ ಮಜ್ಜೆ ಸೇರಿದರೆ ಬೊರ್ದಲೇಸ್. ಅಣಬೆ, ಬಿಳಿ ವೈನ್, ಟೊಮೆಟೊ ಸೇರಿದರೆ ಶಾಸ್ಯೂರ್. ಈರುಳ್ಳಿ, ಬಿಳಿ ವೈನ್, ಸಾಸಿವೆ ಸೇರಿದರೆ ರೋಬೆರ್. ಆ ರೋಬೆರ್‌ಗೆ ಉಪ್ಪಿನಕಾಯಿ ಸೌತೆ ಹೆಚ್ಚಿ ಹಾಕಿದರೆ ಶಾರ್ಕ್ಯುತಿಯೇರ್, ಹಂದಿಮಾಂಸದ ಜೊತೆಗೆ.

ಇಷ್ಟು ಕೆಲಸ ಯಾರಿಗೆ ಸರಿಹೋಗುತ್ತಿತ್ತು? ಕರೇಮ್ ದುಡಿದದ್ದು ಫ್ರೆಂಚ್ ರಾಜತಂತ್ರಜ್ಞ ತಾಲೆರಾಂ, ಇಂಗ್ಲೆಂಡಿನ ರಾಜಕುಮಾರ, ಬ್ಯಾಂಕರ್ ರೋತ್‌ಶೀಲ್ಡ್ ಅಂಥವರ ಮನೆಗಳಲ್ಲಿ. ಎಸ್ಕೋಫಿಯೆ ದುಡಿದದ್ದು ಲಂಡನ್ನಿನ ಸೆವಾಯ್‌ನಂಥ ಹೋಟೆಲುಗಳಲ್ಲಿ. ಅಲ್ಲಿ ದಿನವೂ ರಾಶಿ ಮೂಳೆ ಉಳಿಯುತ್ತಿತ್ತು, ಒಲೆ ಆರುತ್ತಲೇ ಇರಲಿಲ್ಲ, ಸಾಸ್‌ಗೆಂದೇ ಆಳುಗಳಿದ್ದರು. ಒಂದು ದೊಡ್ಡ ಹಂಡೆ ಎಸ್ಪಾನ್ಯೋಲ್ ಇದ್ದರೆ ಆರ್ಡರ್ ಬಂದ ಐದು ನಿಮಿಷದಲ್ಲಿ ಹತ್ತು ಬಗೆಯ ಸಾಸ್ ತೆಗೆಯಬಹುದಿತ್ತು. ಅದು ಹೋಟೆಲ್ಲಿನ ಲೆಕ್ಕಾಚಾರ. ನಾಲ್ಕು ಜನರ ಮನೆಗೆ ಆ ಲೆಕ್ಕ ಕೂಡುವುದಿಲ್ಲ.

ಫ್ರೆಂಚರೇ ಇದರಿಂದ ಬೇಸತ್ತರು. ಗೋ ಮತ್ತು ಮಿಯೊ ಎಂಬ ಇಬ್ಬರು ವಿಮರ್ಶಕರು 1973ರಲ್ಲಿ ಹೊಸ ಅಡುಗೆಯ ಹತ್ತು ಸೂತ್ರ ಬರೆದಾಗ, ಭಾರವಾದ ಕಂದು, ಬಿಳಿ ಸಾಸ್‌ಗಳನ್ನು ಬಿಡಿ ಅನ್ನುವುದೂ ಅದರಲ್ಲಿತ್ತು. ಎಸ್ಕೋಫಿಯೆಯೂ ಇದನ್ನು ಮೊದಲೇ ಊಹಿಸಿದ್ದ. ರೂನಲ್ಲಿ ಮಂದ ಮಾಡುವ ಕೆಲಸ ಪಿಷ್ಟದ್ದು ಮಾತ್ರ, ಶುದ್ಧ ಪಿಷ್ಟ ಸಿಕ್ಕರೆ ಮುಂದೊಂದು ದಿನ ರೂ ಬೇಡವಾಗುತ್ತದೆ ಅಂತ 1903ರ ತನ್ನ ಗ್ರಂಥದಲ್ಲಿ ಹೇಳಿದ್ದ.

ಕಂದು ಸಾಸ್ ಬೇಕೇ ಬೇಕು ಅನ್ನುವವರಿಗೆ ನನ್ನ ಸಲಹೆ: ಕಂದು ಸ್ಟಾಕ್ ಮಾಡಿ, ಎಸ್ಪಾನ್ಯೋಲ್ ಬಿಟ್ಟುಬಿಡಿ. ಕೋಳಿಯ ರೆಕ್ಕೆ, ಪಾದ ಚೆನ್ನಾಗಿ ಹುರಿದು, ತರಕಾರಿ, ಟೊಮೆಟೊ ಪೇಸ್ಟ್ ಸೇರಿಸಿ ಮೂರು ನಾಲ್ಕು ಗಂಟೆ ಕಾಯಿಸಿ. ಶೋಧಿಸಿ, ಕೊಬ್ಬು ತೆಗೆದು, ಅರ್ಧಕ್ಕೂ ಕಡಿಮೆ ಉಳಿಯುವಂತೆ ಇಂಗಿಸಿ. ತೆಳ್ಳಗೆ ಅನಿಸಿದರೆ ಸ್ವಲ್ಪ ಆರಾರೂಟ್ ತಣ್ಣೀರಲ್ಲಿ ಕದಡಿ ಸೇರಿಸಿ. ಕೊನೆಗೆ ಒಲೆ ಆರಿಸಿ ಒಂದು ತುಂಡು ತಣ್ಣನೆ ಬೆಣ್ಣೆ. ಕುರಿ ಮೂಳೆಯಲ್ಲೂ ಆಗುತ್ತದೆ, ಆದರೆ ಅದರ ವಾಸನೆ ಕುರಿಮಾಂಸಕ್ಕೆ ಮಾತ್ರ ಹೊಂದುತ್ತದೆ. ಕೋಳಿಯದು ಎಲ್ಲದರ ಜೊತೆಗೂ ಸಾಗುತ್ತದೆ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಮಕ್ಕಳು ಮಾತ್ರ ಈ ಮಾತು ಕೇಳಬೇಡಿ. ನಿಮಗೆ ಪರೀಕ್ಷೆಯಲ್ಲಿ ಐದು ತಾಯಿ ಸಾಸ್ (ಉಳಿದವೆಲ್ಲ ಹುಟ್ಟುವ ಮೂಲ ಸಾಸ್) ಕೇಳುತ್ತಾರೆ, ಎಸ್ಪಾನ್ಯೋಲ್ ಒಮ್ಮೆಯಾದರೂ ಪೂರ್ತಿ ಮಾಡಲೇಬೇಕು. ಉಳಿದ ಎರಡು ಟೊಮೆಟೊ ಸಾಸ್ ಮತ್ತು ಹಾಲಂಡೇಸ್. ಹಾಲಂಡೇಸ್‌ನಲ್ಲಿ ಹಿಟ್ಟೇ ಇಲ್ಲ, ಬೆಣ್ಣೆ ಮತ್ತು ಹಳದಿಯ ಆಟ. ಟೊಮೆಟೊ ಸಾಸ್‌ಗೆ ಹಿಂದೆ ಹಿಟ್ಟು ಹಾಕುತ್ತಿದ್ದರು, ಈಗ ಹಾಕುವವರು ಅಪರೂಪ.

ರೂ ಬಿಟ್ಟು ಬೇರೆ ದಾರಿ

ಕೊನೇ ಗಳಿಗೆಯಲ್ಲಿ ಸಾಸ್ ನೀರಾಗಿದೆ ಅಂತ ಗೊತ್ತಾದರೆ ಮೆತ್ತನೆ ಬೆಣ್ಣೆಗೆ ಅಷ್ಟೇ ಮೈದಾ ಹಸಿಯಾಗಿ ನಾದಿ, ಕಡಲೆಕಾಳಿನಷ್ಟು ಉಂಡೆ ಮಾಡಿ, ಕುದಿಯುವ ಸಾಸ್‌ಗೆ ಒಂದೊಂದೇ ಹಾಕಿ. ಫ್ರೆಂಚರು ಇದಕ್ಕೆ ಬೆರ್ ಮನಿಯೆ ಅನ್ನುತ್ತಾರೆ. ತುರ್ತಿಗೆ ಚೆನ್ನ, ಆದರೆ ಐದು ನಿಮಿಷವಾದರೂ ಕುದಿಸದಿದ್ದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ.

ಕಾರ್ನ್‌ಫ್ಲೋರ್ ಮೈದಾದ ಸುಮಾರು ಅರ್ಧದಷ್ಟಿದ್ದರೆ ಸಾಕು. ಹೊಳಪು ಕೊಡುತ್ತದೆ, ಆದರೆ ಜಾಸ್ತಿ ಹೊತ್ತು ಕುದಿಸಿದರೆ ಮತ್ತೆ ತೆಳುವಾಗುತ್ತದೆ. ಆರಾರೂಟ್ ಇನ್ನೂ ತಿಳಿಯಾಗಿ, ಗಾಜಿನಷ್ಟು ಸ್ವಚ್ಛವಾಗಿ ಕಾಣುತ್ತದೆ. ಹಾಲಿನ ಜೊತೆ ಮಾತ್ರ ಸೇರಿಸಬೇಡಿ, ಲೋಳೆಯಾಗುತ್ತದೆ. ಹಾಲಿನ ಸಾಸ್‌ಗೆ ರೂ, ಕಂದು ಸಾಸ್‌ಗೆ ಆರಾರೂಟ್, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ತಟ್ಟೆಯಲ್ಲಿ ಏನಿದೆ ನೋಡಿ ತೀರ್ಮಾನಿಸಿ

ಓವನ್‌ನೊಳಗೆ ಇಟ್ಟು ಮೇಲೆ ಕೆಂಪಗೆ ಮಾಡುವ ಯಾವುದೇ ಅಡುಗೆಗೆ ಬೆಶಮೆಲ್ ಅಥವಾ ಮೊರ್ನೆ. ಹಾಲಿನ ಸಕ್ಕರೆ, ಪ್ರೋಟೀನ್‌ನಿಂದ ಮೇಲ್ಭಾಗ ಚೆನ್ನಾಗಿ ಬಣ್ಣ ಹಿಡಿಯುತ್ತದೆ. ಬರೀ ವೆಲೂಟೆ ಹಾಗೆ ಹಿಡಿಯುವುದಿಲ್ಲ.

ನೀರಲ್ಲಿ, ಹಬೆಯಲ್ಲಿ ಬೇಯಿಸಿದ ಕೋಳಿ, ಮೀನು, ಅಣಬೆ, ಆಲೂಗಡ್ಡೆ ಇದ್ದರೆ ವೆಲೂಟೆ. ಪಫ್ ಪೇಸ್ಟ್ರಿಯ ಬಟ್ಟಲಲ್ಲಿ ಕೋಳಿ, ಅಣಬೆ ತುಂಬುವ ಬುಶೆ ಆ ಲಾ ರೇನ್‌ಗೂ ಅದೇ. ಹುರಿದ, ಸುಟ್ಟ, ಕಂದಾದ ಮಾಂಸಕ್ಕೆ ಕಂದು ಸಾಸ್. ಹುರಿದ ಮಾಂಸದ ಮೇಲೆ ಬಿಳಿ ಸಾಸ್ ಸುರಿದರೆ ಕಷ್ಟಪಟ್ಟು ತಂದ ಕಂದು ರುಚಿಯೇ ಅಡಗಿಹೋಗುತ್ತದೆ.

ಸಸ್ಯಾಹಾರಿಗಳು ಬೆಶಮೆಲ್‌ನಲ್ಲೇ ನಿಲ್ಲಬೇಕಾಗಿಲ್ಲ. ಅಣಬೆಯ ಕಾಂಡ, ಈರುಳ್ಳಿ, ಸೆಲರಿ, ಸ್ವಲ್ಪ ಕ್ಯಾರೆಟ್ ಹಾಕಿ ಮುಕ್ಕಾಲು ಗಂಟೆ ಕಾಯಿಸಿದ ನೀರಿನಲ್ಲಿ ಒಳ್ಳೆಯ ವೆಲೂಟೆ ಆಗುತ್ತದೆ. ಜೆಲಟಿನ್ ಇರುವುದಿಲ್ಲ, ಹಾಗಾಗಿ ಸಾಸ್‌ಗೆ ಮೈಕಟ್ಟು ಸ್ವಲ್ಪ ಕಡಿಮೆ. ಅರ್ಧ ಲೀಟರ್‌ಗೆ 30ರ ಬದಲು 35 ಗ್ರಾಂ ಹಿಟ್ಟು, ಬೆಣ್ಣೆ ಹಾಕಿ, ಕೊನೆಗೆ ಕೆನೆ ಸೇರಿಸಿ. ಎಲೆಕೋಸು, ಹೂಕೋಸಿನ ದಂಟು ಸ್ಟಾಕ್‌ಗೆ ಹಾಕಬೇಡಿ, ವಾಸನೆ ಬರುತ್ತದೆ. ಟೆಟ್ರಾ ಪ್ಯಾಕ್ ಕ್ರೀಮ್ ಬಳಸುವವರು ವೈನ್, ನಿಂಬೆ ಹಾಕಿದ ಸಾಸ್‌ಗೆ ಅದನ್ನು ಉರಿ ಇಳಿಸಿದ ಮೇಲೆ ಸೇರಿಸಿ. ಅದರಲ್ಲಿ ಕೊಬ್ಬು ಕಡಿಮೆ, ಹುಳಿ ತಾಗಿ ಕುದಿದರೆ ಒಡೆದುಹೋಗಬಹುದು. ಕಂದು ಸಾಸ್‌ಗೆ ಈರುಳ್ಳಿ, ಅಣಬೆಯನ್ನು ಚೆನ್ನಾಗಿ ಕಂದು ಮಾಡಿ, ಟೊಮೆಟೊ ಪೇಸ್ಟ್ ಹುರಿದು ತೆಗೆದ ಸ್ಟಾಕ್ ಬಳಸಿ. ಮೂಳೆಯದಕ್ಕೆ ಸಮ ಅಂತ ಹೇಳಲಾರೆ, ಆದರೆ ಸುಟ್ಟ ಬದನೆ, ಆಲೂಗಡ್ಡೆಗೆ ಸೊಗಸಾಗಿ ಹೊಂದುತ್ತದೆ.

ಎತ್ತಿಡುವುದು

ಯಾವ ಸಾಸ್ ಆದರೂ ಆರುವಾಗ ಮೇಲೆ ಪದರ ಕಟ್ಟುತ್ತದೆ. ಮೇಲ್ಮೈಗೆ ತಾಗುವಂತೆ ಬೆಣ್ಣೆ ಕಾಗದ ಮುಚ್ಚಿ, ಅಥವಾ ಒಂದು ಚೂರು ಬೆಣ್ಣೆ ಕರಗಿಸಿ ಸವರಿ. ಬೆಶಮೆಲ್, ವೆಲೂಟೆ ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತವೆ. ಬಿಸಿ ಮಾಡುವಾಗ ಒಂದಿಷ್ಟು ಹಾಲೋ ಸ್ಟಾಕೋ ಸೇರಿಸಿ ಸಣ್ಣ ಉರಿಯಲ್ಲಿ ವಿಸ್ಕ್ ಆಡಿಸಿ, ಮತ್ತೆ ಹದಕ್ಕೆ ಬರುತ್ತದೆ. ಫ್ರೀಜರ್‌ಗೆ ಹಾಕಿದರೆ ಹಿಟ್ಟು ಹಿಡಿದಿಟ್ಟ ನೀರು ಬಿಟ್ಟುಕೊಂಡು ಸಾಸ್ ಬೇರೆ ಬೇರೆಯಾಗುತ್ತದೆ. ಹಳದಿ ಸೇರಿಸಿದ್ದಂತೂ ಅಲ್ಲಿಗೆ ಹಾಕಲೇಬೇಡಿ. ಅದರ ಬದಲು ಸ್ಟಾಕನ್ನೇ ಇಂಗಿಸಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಇಡಿ. ಹುರಿದ ರೂ ಕೂಡ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ವಾರಗಟ್ಟಲೆ ಇರುತ್ತದೆ. ಎರಡೂ ಇದ್ದರೆ ವೆಲೂಟೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಬಿಸಿ ಸ್ಟಾಕ್‌ಗೆ ತಣ್ಣನೆ ರೂ ತುಂಡು ಹಾಕಿ ವಿಸ್ಕ್ ಆಡಿಸಿದರೆ ಒಂದು ಗಂಟೂ ಆಗದು.